ಸನಾದಿ ಕೇಳಿದ್ದೇವೆ, ‘ಅಪರಂಜಿ’ ಎಲ್ಲಿ?

ಘಟಪ್ರಭಾ ಬಸ್ ಸ್ಟ್ಯಾಂಡಿನಲ್ಲಿ ‘ಸನಾದಿ ಅಪ್ಪಣ್ಣ’ನ ಹಾಡು ಕೇಳದವರು ಯಾರಿದ್ದಾರೆ? 1977ರ ಚಿತ್ರ. ರಾಜಕುಮಾರರ ಅಭಿನಯ, ಬಿಸ್ಮಿಲ್ಲಾ ಖಾನರ ಶಹನಾಯಿ. ರೇಡಿಯೋದವರು ಹಾಡು ಹಾಕುವ ಮುಂಚೆ ಹಾಡಿದವರು, ಬರೆದವರು, ಸಂಗೀತ ಕೊಟ್ಟವರು ಎಲ್ಲರ ಹೆಸರೂ ಹೇಳುತ್ತಾರೆ. ಕಥೆ ಯಾರದು? ಅದನ್ನ ಮಾತ್ರ ಹೇಳೋದಿಲ್ಲ. ಅದು ‘ಅಪರಂಜಿ’ ಎಂಬ ಕಾದಂಬರಿ. ಬರೆದವರು ಕೃಷ್ಣಮೂರ್ತಿ ಪುರಾಣಿಕರು, ನಮ್ಮ ಗೋಕಾಕದಲ್ಲೇ ಮಾಸ್ತರಕಿ ಮಾಡಿದವರು.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಬೇಂದ್ರೆಯವರಂಥವರೇ 1956ರಿಂದ ಅದರ ಸಲಹೆಗಾರರಾಗಿದ್ದರು. ಪೋಸ್ಟಿನಲ್ಲಿ ಲೈಸೆನ್ಸಿನ ದುಡ್ಡು ಕಟ್ಟಿ ರೇಡಿಯೋ ಕೇಳುತ್ತಿದ್ದ ಕಾಲದಿಂದಲೂ ಅಲ್ಲಿ ಸಾಹಿತ್ಯದ ಮಾತು ನಡೆದು ಬಂದಿದೆ, ಇಲ್ಲವೆಂದರೆ ಅನ್ಯಾಯವಾದೀತು. ನಮ್ಮ ತಕರಾರು ಬೇರೆ. ಪುಸ್ತಕದ ಪರಿಚಯವೆಂದರೆ ಒಬ್ಬ ಪ್ರೊಫೆಸರರು ಬರೆದು ತಂದದ್ದನ್ನು ಗಡಗಡ ಓದಿ ‘ಸಂಗ್ರಹಯೋಗ್ಯ ಕೃತಿ’ ಎಂದು ಮುಗಿಸಿಬಿಡುತ್ತಾರೆ. ಕಿರಾಣಿ ಅಂಗಡಿಯವನಿಗೆ ಅದರಿಂದ ಏನು ಬಂತು?

‘ಸನಾದಿ ಅಪ್ಪಣ್ಣ’ನ ಬಗ್ಗೆ ಮಾತಾಡಬೇಕಾದ್ದು ಬೇರೆಯೇ ಇದೆ. ಸನಾದಿ ಇಲ್ಲದೆ ನಮ್ಮ ಮದುವಿ ಹಂದರದಾಗ ಅಕ್ಕಿಕಾಳು ಬೀಳೋದಿಲ್ಲ. ಆದರೆ ಊದಿದವನಿಗೆ ಪಂಕ್ತಿಯೊಳಗ ನಮ್ಮ ಜೋಡಿ ಎಲಿ ಹಾಕ್ತೀವೇನು? ಬೀಗರೆಲ್ಲ ಉಂಡು ಕೈ ತೊಳೆದ ಮೇಲೆ ಆತ ಹಂದರದ ಹೊರಗೆ ಕೂತು ಉಣ್ಣುವುದನ್ನು ಈ ವರದಿಗಾರ ಒಂದಲ್ಲ, ಹತ್ತು ಮದುವೆಯಲ್ಲಿ ಕಂಡಿದ್ದಾನೆ. ಒಬ್ಬ ಸನಾದಿಯವನು, ಒಬ್ಬ ಊರ ಹಿರಿಯ, ಒಬ್ಬ ಕಾಲೇಜು ಹುಡುಗಿ ಮೈಕಿನ ಮುಂದೆ ಕೂತು ಈ ಪ್ರಶ್ನೆಯನ್ನು ಜಗ್ಗಾಡಲಿ. ಬಸ್ಸಿನಲ್ಲಿ ನಿಂತವರೂ ಕಿವಿ ಕೊಡದಿದ್ದರೆ ಕೇಳ್ರಿ.

ಮಾತಿಗೆ ನಮ್ಮ ಕಡೆ ಬರವಿಲ್ಲ. ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ ಬರೆದು ಕಾವಿಯ ಮರೆಯ ಹುಳುಕು ಎತ್ತಿ ತೋರಿಸಿದರು. ಹಾಗಂತ ಜನ ಅವರನ್ನು ದೂರ ಇಡಲಿಲ್ಲ. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇವತ್ತು ಅಂಥ ಪುಸ್ತಕದ ಬಗ್ಗೆ ಬಿಚ್ಚಿ ಮಾತಾಡುವ ಧೈರ್ಯ ರೇಡಿಯೋಕ್ಕೆ ಇದೆಯೇ? ಸರಕಾರಿ ಮೈಕು, ಯಾರಿಗೂ ನೋವಾಗಬಾರದು ಅಂತಾರೆ. ನೋವಾಗದ ಮಾತು ಹವಾಮಾನ ವರದಿಯೊಂದೇ. (ರೈತರನ್ನು ಕೇಳಿದರೆ ಅದೂ ನೋವೇ.) ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂದದ್ದು ಎಲ್ಲರಿಗೂ ಗೊತ್ತು. ಅವರೇ ನಿರ್ದೇಶಿಸಿದ ‘ಕಾಡು ಕುದುರೆ’ ನೋಡಿದವರು ಎಷ್ಟು ಮಂದಿ, ಕೈ ಎತ್ತಿ ನೋಡೋಣ.

ಅಂಗಡಿಕಾರರಿಗೆ ಒಂದು ಲೆಕ್ಕ. ನೀವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರ ಬೀಳುತ್ತದೆ. ಈ ಕರಕ್ಕೆ ಮೂಲ 1965ರ ಗ್ರಂಥಾಲಯ ಕಾಯ್ದೆ. ದುಡ್ಡು ಕೊಟ್ಟವರು ಲೈಬ್ರರಿಗೆ ಹೋಗಿ ‘ಅಪರಂಜಿ ಕೊಡ್ರಿ’ ಅಂತ ಕೇಳಲಿಕ್ಕೆ ಅಂಜಬೇಕಾಗಿಲ್ಲ. ರೇಡಿಯೋದಲ್ಲಿ ಪುಸ್ತಕದ ಮಾತು ಬಂದ ವಾರ ಆ ಪುಸ್ತಕ ಗೋಕಾಕ, ಮೂಡಲಗಿ, ಹುಕ್ಕೇರಿ ಲೈಬ್ರರಿಗಳ ಮೇಜಿನ ಮೇಲೆ ಇರಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಡ, ಧಾರವಾಡದವರು ತಿಂಗಳು ಮುಂಚೆ ಒಂದು ಕಾಗದ ಹಾಕಿದರೆ ಸಾಕು.

ಇನ್ನು ವೇಳೆ. ಅಂಗಡಿ ಬಾಗಿಲು ಹಾಕುವಾಗ ರಾತ್ರಿ ಒಂಬತ್ತಾಗುತ್ತದೆ. ವಾರಕ್ಕೆ ಅರ್ಧ ತಾಸು, ಒಂಬತ್ತೂವರೆಗೆ ಇಡಲಿ. ಮೊದಲ ಸಲ ಮೈಕು ಹೊತ್ತುಕೊಂಡು ಘಟಪ್ರಭಾಕ್ಕೇ ಬರಲಿ. ಧಾರವಾಡದಿಂದ ರೈಲು ಇದೆ, ಚಹಾ ನಮ್ಮದು.