ಕೊಳಗ ಹೂದಾನಿಯಾದಾಗ

ಮಲೆನಾಡಿನಿಂದ ಹೊರಗೆ ಹೋಗುವ ಸರಕುಗಳ ಪಟ್ಟಿಯಲ್ಲಿ ಅಡಿಕೆ, ಏಲಕ್ಕಿ, ಕಾಳುಮೆಣಸು, ಮರಮುಟ್ಟುಗಳ ಹೆಸರು ಬಹುಕಾಲದಿಂದ ಇದೆ. ಈಚಿನ ದಶಕಗಳಲ್ಲಿ ಆ ಪಟ್ಟಿಗೆ ಇನ್ನೊಂದು ಸರಕು ಸೇರಿಕೊಂಡಿದೆ. ಅದು ಮಲೆನಾಡಿನ ಮನೆಯೇ. ಕೆತ್ತನೆಯ ಮುಂಡಿಗೆ, ಬಾಗಿಲುವಾಡ, ತೂಗುಮಣೆ, ಭತ್ತದ ಪತ್ತಾಯ, ತಾಮ್ರದ ಹಂಡೆ, ಹಿತ್ತಾಳೆಯ ಗಿಂಡಿ, ಹಲಸಿನ ಮರಿಗೆ, ಚನ್ನೆಮಣೆ, ಕೊಳಗ, ಕೊನೆಗೆ ಮಾಡಿನ ಹೆಂಚು ಕೂಡ ಒಂದೊಂದಾಗಿ ಲಾರಿ ಏರುತ್ತಿವೆ. ಗುಜರಿಯವನ ತಕ್ಕಡಿಯಲ್ಲಿ ತೂಗಿಸಿಕೊಂಡು ಹೊರಟ ವಸ್ತು ನಾಲ್ಕಾರು ಕೈ ದಾಟಿ ನಗರದ ಅಂಗಡಿ ಸೇರುವಾಗ 'ಆಂಟಿಕ್' ಎಂಬ ಹೊಸ ಹೆಸರನ್ನೂ, ಅದಕ್ಕೆ ತಕ್ಕ ಹೊಸ ಬೆಲೆಯನ್ನೂ ಪಡೆದಿರುತ್ತದೆ.

ಹಳೆಯ ವಸ್ತುಗಳ ಸಂತೆ ಹೊಸದೇನಲ್ಲ. ಮುಂಬಯಿಯ ಚೋರ್ ಬಜಾರ್, ಕೊಚ್ಚಿ ಮಟ್ಟಾಂಚೇರಿಯ ಜ್ಯೂ ಟೌನ್, ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಸಂಡೆ ಬಜಾರ್ ಮುಂತಾದವು ಈ ವ್ಯಾಪಾರಕ್ಕೆ ಹೆಸರಾದ ತಾಣಗಳು. ಅಲ್ಲಿ ಕೊಂಡ ವಸ್ತುಗಳಿಂದ ಮನೆಯನ್ನು ಅಲಂಕರಿಸುವ ಹವ್ಯಾಸವನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಒಂದು ಹಳೆಯ ಮೇಜನ್ನು ದುರಸ್ತಿ ಮಾಡಿಸಿ ಬಳಸುವವನು ಒಂದು ಹೊಸ ಮರವನ್ನು ಉಳಿಸುತ್ತಾನೆ. ಐದಾರು ವರ್ಷಗಳಲ್ಲಿ ಉಬ್ಬಿ ಒಡೆಯುವ ಹುಡಿಹಲಗೆಯ ಪೀಠೋಪಕರಣಕ್ಕಿಂತ ನೂರು ಮಳೆಗಾಲ ಕಂಡ ಹಲಸಿನ ಹಲಗೆ ಎಲ್ಲ ವಿಧದಲ್ಲೂ ಮೇಲು. ಇದ್ದುದನ್ನು ಎಸೆಯದೆ ಬಳಸುವುದೇ ಪರಿಸರ ಧರ್ಮದ ಮೊದಲ ಪಾಠವಾಗಿರುವಾಗ, ಹಳೆಯ ವಸ್ತುವಿನ ಮೇಲಿನ ಪ್ರೀತಿಯನ್ನು ಪರಿಸರವಾದಿಗಳು ವಿರೋಧಿಸಲು ಕಾರಣವಿಲ್ಲ.

ಆದರೆ ಈ ಮಾತು ನಿಜವಾಗುವುದು ಬಿದ್ದ ಮನೆಯ ಮರಕ್ಕೆ ಮಾತ್ರ. ನಿಂತಿರುವ ಮನೆಗಿಂತ ಅದರ ಬಿಡಿಭಾಗಗಳಿಗೆ ಹೆಚ್ಚು ಬೆಲೆ ಬಂದಾಗ ಬೇಡಿಕೆಯೇ ಮನೆಯನ್ನು ಕೆಡವತೊಡಗುತ್ತದೆ. ತಮಿಳುನಾಡಿನ ಚೆಟ್ಟಿನಾಡು ಇದಕ್ಕೆ ಕಣ್ಣೆದುರಿನ ಉದಾಹರಣೆ. ಬರ್ಮಾ ತೇಗದ ಕಂಬಗಳಿಂದ ಮೆರೆಯುತ್ತಿದ್ದ ಅಲ್ಲಿನ ವರ್ತಕರ ಮಹಾಮನೆಗಳು ಎರಡನೆಯ ಮಹಾಯುದ್ಧದ ತರುವಾಯ ಬರ್ಮಾದ ವ್ಯಾಪಾರ ಕುಸಿದಾಗ ಸೊರಗಿದವು. ಒಂದೊಂದು ಮನೆಗೂ ಹತ್ತಾರು ಹಕ್ಕುದಾರರಾದರು. ಅನೇಕ ಮನೆಗಳು ಉರುಳಿದವು. ಅವುಗಳ ಕಂಬ, ಬಾಗಿಲು, ಪಾತ್ರೆಗಳನ್ನು ಮಾರುವ ಅಂಗಡಿಗಳ ಸಾಲು ಇಂದು ಕಾರೈಕುಡಿಗೆ ಪ್ರವಾಸಿಗರನ್ನು ಸೆಳೆಯುತ್ತಿದೆ. 2014ರಲ್ಲಿ ಚೆಟ್ಟಿನಾಡಿನ ಗ್ರಾಮಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರುವ ಹೊತ್ತಿಗೆ ಕೈಬಿಟ್ಟುಹೋದುದು ಅಪಾರ. ಸಹ್ಯಾದ್ರಿಯ ಮನೆಗಳು ಅದೇ ದಾರಿ ಹಿಡಿದಿವೆ.

ಮಾರುವವರನ್ನು ದೂಷಿಸುವುದು ಸುಲಭ, ಆದರೆ ತಪ್ಪು. ಪಾಲಾದ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವಾಗ, ಪ್ರತಿ ಮಳೆಗಾಲಕ್ಕೂ ಹೆಂಚು ಕೈಯಾಡಿಸಲು ಆಳು ಸಿಗದಿರುವಾಗ, ಗೆದ್ದಲು ಹತ್ತಿದ ಜಂತಿಯನ್ನು ಬದಲಿಸುವ ವೆಚ್ಚದಲ್ಲಿ ಚಿಕ್ಕದೊಂದು ತಾರಸಿ ಮನೆಯೇ ಏಳುವಂತಿರುವಾಗ, ಪರಂಪರೆಯ ಉಪದೇಶ ಯಾರಿಗೂ ರುಚಿಸದು. ಒರಳು, ಒನಕೆ, ಬೀಸುಕಲ್ಲುಗಳು ಮೂಲೆ ಸೇರಿದ್ದು ಹೆಂಗಸರ ಬೆನ್ನಿಗೂ ತೋಳಿಗೂ ಸಿಕ್ಕ ಬಿಡುಗಡೆ. ಅದನ್ನು ಕುಟ್ಟಿ ದಣಿದವರು ಅದು ಮನೆಬಿಟ್ಟು ಹೋದುದಕ್ಕೆ ಕಣ್ಣೀರು ಹಾಕಬೇಕೆಂದು ಯಾರೂ ಅಪೇಕ್ಷಿಸಲಾಗದು. ವಸ್ತು ಹೋಗುವುದನ್ನು ಎಷ್ಟೋ ಸಲ ತಡೆಯಲಾಗದು. ಹೋಗುವ ವಸ್ತುವಿನೊಡನೆ ಅದರ ಹೆಸರು, ಊರು, ಕತೆಗಳೂ ಹೊರಟುಹೋಗಬೇಕೆ ಎಂಬುದೇ ಇಲ್ಲಿರುವ ಪ್ರಶ್ನೆ.

ಕೊಳಗವನ್ನೇ ನೋಡಬಹುದು. ನಗರದ ಬೈಠಕ್‌ಖಾನೆಯಲ್ಲಿ ಅದು ಒಣಹೂವಿನ ಕುಂಡ. 1958ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದ ಮೇಲೆ ಸೇರು, ಪಾವು, ಕೊಳಗಗಳು ಹಂತಹಂತವಾಗಿ ಅಧಿಕೃತ ಚಲಾವಣೆ ಕಳೆದುಕೊಂಡು ಅಟ್ಟ ಸೇರಿದವು. ಆದರೆ ಮಲೆನಾಡಿನ ಗೇಣಿದಾರನಿಗೆ ಕೊಳಗ ಅಲಂಕಾರದ ವಸ್ತುವಾಗಿರಲಿಲ್ಲ. ವರ್ಷದ ದುಡಿಮೆಯಲ್ಲಿ ಒಡೆಯನ ಕಣಜಕ್ಕೆಷ್ಟು, ತನ್ನ ಮಕ್ಕಳ ಗಂಜಿಗೆಷ್ಟು ಎಂಬುದನ್ನು ತೀರ್ಮಾನಿಸುತ್ತಿದ್ದುದೇ ಅದರ ಹೊಟ್ಟೆಯ ಗಾತ್ರ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ರೈತ ಸತ್ಯಾಗ್ರಹದ ಹಿಂದೆ ಇದ್ದುದು ಗೇಣಿ ಭತ್ತ ಅಳೆಯುವ ಕೊಳಗದ ತಕರಾರು. ಆ ಚಳವಳಿಯ ಬೆಂಬಲಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಅಲ್ಲಿ ಎದ್ದ ಪ್ರಶ್ನೆಗೆ ಕರ್ನಾಟಕದ ಕಾನೂನು ಉತ್ತರ ಕೊಟ್ಟದ್ದು 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ. ಇಷ್ಟೆಲ್ಲ ತುಂಬಿಕೊಂಡಿರುವ ಪಾತ್ರೆಯನ್ನು ಬರಿದು ಮಾಡಿ ಅದಕ್ಕೆ ಹೂ ಸಿಕ್ಕಿಸುವುದು ಅಲಂಕಾರವಲ್ಲ, ಮರೆವು.

ಮರದ ವಸ್ತುಗಳಿಗೆ ಇನ್ನೊಂದು ಮಹತ್ವವಿದೆ. ಅವು ಕಾಡಿನ ಕಡತಗಳು. ಯಾವ ಕೆಲಸಕ್ಕೆ ಯಾವ ಮರ ಎಂಬ ತಿಳಿವಳಿಕೆ ಆಚಾರಿಯ ಕೈಯಲ್ಲಿತ್ತು. ಒನಕೆಗೆ ಬಗನಿ, ಕಂಬಕ್ಕೂ ಮರಿಗೆಗೂ ಹಲಸು, ತೊಲೆಗೆ ನೀರಿಗೂ ಗೆದ್ದಲಿಗೂ ಜಗ್ಗದ ಕಿರಾಲಬೋಗಿ, ಕದಕ್ಕೆ ಹೆಬ್ಬಲಸು, ಪೆಟ್ಟಿಗೆಗೂ ಮಂಚಕ್ಕೂ ಬೀಟೆ. ಜೋಡಿಸದ ಒಂದೇ ಹಲಗೆಯ ಅಗಲವಾದ ಕದವನ್ನು ಕಂಡ ವಿದ್ಯಾರ್ಥಿಗೆ, ಅಂತಹ ಸುತ್ತಳತೆಯ ಮರ ಈ ಸೀಮೆಯಲ್ಲಿ ನಿಂತಿತ್ತೆಂಬ ಸಾಕ್ಷ್ಯ ಬೇರೆ ಬೇಕಿಲ್ಲ. ಅದೇ ಕದ ಎಲ್ಲಿಯದೆಂದು ತಿಳಿಯದೆ ಯಾವುದೋ ರೆಸಾರ್ಟಿನ ಗೋಡೆಗೆ ಒರಗಿದ ದಿನ ಆ ಸಾಕ್ಷ್ಯ ನಾಶವಾಯಿತು. ಮುಳುಗಡೆಯ ಸೀಮೆಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಊರೇ ನೀರಿನಡಿಗೆ ಹೋದ ಸಂಸಾರಕ್ಕೆ, ಅಲ್ಲಿಂದ ಹೊತ್ತು ತಂದ ಒಂದು ಹಂಡೆಯೇ ಊರಿನ ಕುರುಹು.

ಸಂತೆಯ ಕಣ್ಣು ಎಲ್ಲವನ್ನೂ ಸಮನಾಗಿ ಕಾಣುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅದು ಆರಿಸುವುದು ಉಳ್ಳವರ ಕೆತ್ತನೆಯ ಕಂಬವನ್ನು, ಹೊಳೆಯುವ ಲೋಹವನ್ನು. ನಾಟಿಯ ಮಳೆಯಲ್ಲಿ ಬೆನ್ನು ಕಾಯ್ದ ಗೊರಬು, ಕಂಬಳಿಕೊಪ್ಪೆ, ಬಿದಿರಿನ ಬುಟ್ಟಿ, ಮೀನಿನ ಕೂಳಿಗಳನ್ನು ಕೇಳುವವರು ವಿರಳ. ಅವು ಮಣ್ಣಾಗುವ ವಸ್ತುಗಳು, ಹೆಣೆಯುವವರ ಕೈಯಲ್ಲಷ್ಟೇ ಉಳಿಯಬಲ್ಲವು. ನಿಜವಾದ ಆಸಕ್ತಿಯುಳ್ಳವರು ಒಂದು ಹಳೆಯ ಗಿಂಡಿಯ ಜೊತೆಗೆ, ಇಂದಿಗೂ ಬಿದಿರು ಹೆಣೆಯುವವರಿಂದ ಒಂದು ಹೊಸ ಬುಟ್ಟಿಯನ್ನೂ ಕೊಳ್ಳಬೇಕು. ಕಸುಬು ಉಳಿಯುವ ದಾರಿ ಅದು.

ಕೊಳ್ಳುವವರಿಗೆ ಅರಿವಿಲ್ಲದಿದ್ದರೆ ಲಾಭ ಮೋಸಗಾರನಿಗೆ. ಹೊಸ ಹಿತ್ತಾಳೆಗೆ ರಾಸಾಯನಿಕ ಬಳಿದು ಕಿಲುಬು ಹಿಡಿಸಿ ಹಳತೆಂದು ಮಾರುವುದುಂಟು. ನಕ್ಷತ್ರದಂತೆ ಅಡ್ಡಗೀರಿರುವ ತಿರುಪುಮೊಳೆ ಬಳಕೆಗೆ ಬಂದುದು 1930ರ ದಶಕದಲ್ಲಿ. 'ಇನ್ನೂರು ವರ್ಷದ' ಪೆಟ್ಟಿಗೆಯಲ್ಲಿ ಅದು ಮೂಲದ್ದಾಗಿರಲಾರದು. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865 ಎಂಬ ಅಂಕೆ ಮಂಗಳೂರಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ನಿಜವಾಗಿ ಬಳಕೆಯಾದ ವಸ್ತು ಕೈ ತಾಗುವಲ್ಲಿ ಮಾತ್ರ ಸವೆದಿರುತ್ತದೆ. ಎಲ್ಲೆಡೆ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ. ಎಲ್ಲಕ್ಕಿಂತ ಅಪಾಯದ ಸಂಗತಿ, ಕದ್ದು ಕಡಿದ ಬೀಟೆಗೆ ಹಳತೆಂಬ ಹೆಸರು ಒಳ್ಳೆಯ ಮುಸುಕಾಗಬಲ್ಲದು. 2017ರ ಜನವರಿಯಿಂದ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿವೆ. ಮೂಲ ಹೇಳಲಾಗದ ಬೀಟೆಯನ್ನು ಕೊಳ್ಳದಿರುವುದೇ ಕ್ಷೇಮ.

ಕಾನೂನೂ ಇದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಕಲೆ ಮತ್ತು ಕರಕುಶಲ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮೌಲಿಕ ಹಸ್ತಪ್ರತಿಗಳೂ ಪ್ರಾಚೀನ ವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ವಿಗ್ರಹ, ಸಚಿತ್ರ ಹಸ್ತಪ್ರತಿ ಮೊದಲಾದ ಕೆಲವು ಬಗೆಯವನ್ನು ನೋಂದಾಯಿಸಬೇಕು. ತಾಳೆಗರಿಯ ಕಟ್ಟನ್ನಾಗಲಿ, ಊರಿನ ವೀರಗಲ್ಲನ್ನಾಗಲಿ, ದೈವದ ಮೊಗವನ್ನಾಗಲಿ ಅಲಂಕಾರಕ್ಕೆಂದು ಕೇಳುವುದೂ ಕೊಡುವುದೂ ಸಲ್ಲದು. ಅವು ಒಂದು ಮನೆಯ ಸೊತ್ತಲ್ಲ, ಊರಿನ ನೆನಪು.

ಬೇರೆ ದಾರಿಗಳಿವೆ ಎಂಬುದನ್ನು ಕೆಲವರು ಮಾಡಿ ತೋರಿಸಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಪರಂಪರೆಯ ಗ್ರಾಮವನ್ನೇ ಕಟ್ಟಿದರು. 2017ರಲ್ಲಿ ಅವರು ತೀರಿಕೊಂಡ ನಂತರವೂ ಅದು ಉಳಿದಿದೆ. ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಚಿಕ್ಕಮಗಳೂರಿನ ಮನೆಗೂ ಇಳಕಲ್ಲಿನ ನೇಕಾರರ ಮನೆಗೂ ಜಾಗ ದೊರೆತಿದೆ. ಕೆಳದಿಯ ವಸ್ತುಸಂಗ್ರಹಾಲಯ ತಾಳೆಗರಿಗಳನ್ನು ಕಾಪಾಡಿಕೊಂಡು ಬಂದಿದೆ. ಕುಪ್ಪಳಿಯ ಕವಿಮನೆ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಮನೆ ತನ್ನ ನೆಲದಲ್ಲೇ ನಿಂತಿದೆ. ಹಿಂದಿನ ಕಾಲದ ಗೃಹಬಳಕೆಯ ವಸ್ತುಗಳು ಮಲೆನಾಡಿನ ಮನೆಯೊಳಗೇ ಇವೆ. ನೋಡಲು ಬಂದ ಮಗುವಿಗೆ ಕಡೆಗೋಲು ಎಲ್ಲಿ ನಿಲ್ಲುತ್ತಿತ್ತು, ಹೊಗೆ ಎತ್ತ ಹೋಗುತ್ತಿತ್ತು ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಪ್ರತಿ ಊರಿಗೂ ವಸ್ತುಸಂಗ್ರಹಾಲಯ ಸಾಧ್ಯವಿಲ್ಲ. ಒಂದು ದಾಖಲೆ ಪುಸ್ತಕ ಸಾಧ್ಯ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಮನೆಮನೆಗೆ ಹೋಗಿ ವಸ್ತುವಿನ ಹೆಸರು, ಮರ ಅಥವಾ ಲೋಹ, ಅಳತೆ, ಮಾಡಿದವರು, ಬಳಸಿದವರು, ಬಳಸುವ ರೀತಿ ಇಷ್ಟನ್ನು ಬರೆದು ಒಂದು ಚಿತ್ರ ತೆಗೆದಿಡಲಿ. ಅಜ್ಜಿಯರ ಬಾಯಲ್ಲಿರುವ ಹೆಸರುಗಳನ್ನು ಹಾಗೆಯೇ ಬರೆದುಕೊಳ್ಳಲಿ. ಎಷ್ಟೋ ಮಾತುಗಳು ನಿಘಂಟಿನಲ್ಲಿ ಸಿಗಲಾರವು. ಆದರೆ ಯಾರ ಮನೆಯಲ್ಲಿ ಏನಿದೆ ಎಂಬ ಈ ಪಟ್ಟಿ ವ್ಯಾಪಾರಿಯ ಕೈ ಸೇರದಂತೆ ಊರಲ್ಲೇ ಜೋಪಾನವಾಗಿರಲಿ. ಮಾರಲೇಬೇಕಾದವರು ತೂಕಕ್ಕೆ ಹಾಕುವ ಮೊದಲು ನೆಂಟರಲ್ಲಿ, ಊರವರಲ್ಲಿ ಒಮ್ಮೆ ವಿಚಾರಿಸಲಿ. ಗುಜರಿಯ ದರಕ್ಕೂ ಸಂತೆಯ ದರಕ್ಕೂ ಇರುವ ಅಂತರವನ್ನು ತಿಳಿದು ಮಾರಲಿ. ಕೊಳ್ಳುವವರು 'ಎಷ್ಟು ಹಳತು?' ಎಂದು ಕೇಳುವ ಮೊದಲು 'ಎಲ್ಲಿಯದು, ಏನಕ್ಕೆ ಬಳಸುತ್ತಿದ್ದರು?' ಎಂದು ಕೇಳಲಿ. ಉತ್ತರ ಸಿಕ್ಕರೆ ಒಂದು ಚೀಟಿಯಲ್ಲಿ ಬರೆದು ವಸ್ತುವಿನ ಜೊತೆಗೇ ಇಡಲಿ. ನಿಂತ ಮನೆಯನ್ನು ಕೆಡವಿ ತಂದ ಕಂಬವೆಂದು ತಿಳಿದರೆ ಬೇಡವೆನ್ನುವ ಧೈರ್ಯ ತೋರಲಿ.

ಕಾಡು ಖಾಲಿಯಾದುದನ್ನು ಮಲೆನಾಡು ತಡವಾಗಿ ಲೆಕ್ಕ ಹಾಕಿತು. ಮನೆಗಳು ಖಾಲಿಯಾಗುವುದನ್ನಾದರೂ ಸಕಾಲದಲ್ಲಿ ಲೆಕ್ಕ ಹಾಕಬೇಕಾಗಿದೆ. ಅಟ್ಟ ಹತ್ತಿ ನೋಡುವವರಿಗೆ ಬರುವ ಬೇಸಿಗೆ ರಜೆಯೇ ಸಾಕು.