ಗಾಜಿನ ನಳಿಕೆಯ ಮುಂದಿನ 20 ನಿಮಿಷ

ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಬಯಲಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿ ನೀರು ಕಟ್ಟಲು ಹೋದವರಿಗೆ ಕೊಳಕುಮಂಡಲ ಕಚ್ಚಿದರೆ ಉಳಿಸುವುದು ಡಾಕ್ಟರೊಬ್ಬರಿಂದ ಆಗುವ ಕೆಲಸವಲ್ಲ.

ಆಸ್ಪತ್ರೆಯಲ್ಲಿ ಮೊದಲು ನಡೆಯಬೇಕಾದ ಪರೀಕ್ಷೆ ಬಲು ಸರಳ. ರೋಗಿಯ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಬಗ್ಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಎಂದೇ ತಿಳಿಯಬೇಕು. ನಳಿಕೆಯನ್ನು ಸೋಪಿನ ಪುಡಿಯಿಂದ ತೊಳೆದಿದ್ದರೆ ಫಲಿತಾಂಶವೇ ತಪ್ಪಾಗಬಹುದು. ಲ್ಯಾಬ್ ಟೆಕ್ನೀಷಿಯನ್ನಿನ ಆ ಎಚ್ಚರದ ಮೇಲೆ ಡಾಕ್ಟರ ತೀರ್ಮಾನ ನಿಂತಿರುತ್ತದೆ. ಮೊದಲ ಕಂತಿಗೇ ಸುಮಾರು 10 ಸೀಸೆ ಪ್ರತಿವಿಷ ಬೇಕು. ದಾಸ್ತಾನು ಮುಗಿಯುವ ಮೊದಲೇ ತರಿಸಿಡಬೇಕಾದವರು ಫಾರ್ಮಸಿಸ್ಟ್. ಪ್ರತಿವಿಷ ಏರುವಾಗ ತುರಿಕೆ, ದದ್ದು, ಉಬ್ಬಸ ಕಂಡರೆ ತಕ್ಷಣ ಅಡ್ರಿನಲಿನ್ ಕೊಡಬೇಕು. ಆ ಲಕ್ಷಣಗಳನ್ನು ಮೊದಲು ಗಮನಿಸುವುದು ಹಾಸಿಗೆಯ ಪಕ್ಕದಲ್ಲೇ ಇರುವ ನರ್ಸ್. ಅವರ ಮಾತಿಗೆ ಕಿವಿಗೊಡದ ವಾರ್ಡಿನಲ್ಲಿ ಔಷಧಿ ಇದ್ದೂ ಜೀವ ಹೋದೀತು.

ಕಟ್ಟುಹಾವಿನದು ಬೇರೆಯದೇ ಕಥೆ. ಕಚ್ಚಿದ ಗುರುತು ಕಾಣದಿರಬಹುದು, ಊತವೂ ಇರದು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಏಳುತ್ತಾರೆ, ರೆಪ್ಪೆ ಜೋತುಬೀಳುತ್ತದೆ. ಅಂಥದ್ದನ್ನು ಊರಿನಲ್ಲೇ ಗುರುತಿಸಬಲ್ಲವರು ಆಶಾ ಕಾರ್ಯಕರ್ತೆ. ಊರಿನ ನಾಟಿ ವೈದ್ಯರನ್ನೂ ಹೀಗಳೆಯದೆ ಮಾತಾಡಿಸಬೇಕು. ‘ಹುಳ ಮುಟ್ಟಿದೆ’ ಎಂದು ಜನ ಮೊದಲು ಓಡುವುದು ಅವರ ಬಾಗಿಲಿಗಾದರೆ, 108ಕ್ಕೆ ಮೊದಲ ಕರೆ ಅಲ್ಲಿಂದಲೇ ಹೋಗಲಿ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳು ಬಂದ ಕೇಂದ್ರದ ಕ್ರಿಯಾ ಯೋಜನೆ 2030ರೊಳಗೆ ಇಂಥ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟಿದೆ. ಒಳ್ಳೆಯದೇ. ಆದರೆ ಲೆಕ್ಕ ಬರೆದಷ್ಟಕ್ಕೆ ಜೀವ ಉಳಿಯದು. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಎಲ್ಲರೂ ತಿಂಗಳಿಗೊಮ್ಮೆ ಒಟ್ಟಾಗಿ ಅಣಕು ತಾಲೀಮು ಮಾಡಲಿ. ರೋಗಿಯನ್ನು ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಕಳಿಸುವುದೇ ಆದರೆ ಮೊದಲ ಕಂತು ಇಲ್ಲೇ ಶುರುವಾಗಲಿ. ಕೊಟ್ಟದ್ದೆಷ್ಟು, ಯಾವ ಹೊತ್ತಿಗೆ ಎಂಬುದು ಆಂಬುಲೆನ್ಸ್‌ಗಿಂತ ಮೊದಲೇ ಫೋನಿನಲ್ಲಿ ಅಲ್ಲಿಗೆ ತಲುಪಲಿ. ಮಂಡಲದ ವಿಷ ಮೂತ್ರಪಿಂಡವನ್ನೂ ಕೆಡಿಸುವುದರಿಂದ, ಬದುಕಿ ಮನೆಗೆ ಮರಳಿದವರ ಹೆಸರು ಅವರೂರಿನ ಆರೋಗ್ಯ ಕೇಂದ್ರಕ್ಕೂ ಹೋಗಬೇಕು, ಮುಂದಿನ ರಕ್ತಪರೀಕ್ಷೆ ಅಲ್ಲೇ ಆಗಬೇಕು.