ಹೆಸರು ಬದಲಾದರೆ ಮನೆ ಬದಲಾಗುತ್ತಾ?

ನಾಸಿಕ್‌ಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಈಗಲೂ ಬಾಯಿತಪ್ಪಿ ಔರಂಗಾಬಾದ್ ಅಂದುಬಿಡ್ತೀನಿ. 2023ರಲ್ಲಿ ಆ ಊರು ಛತ್ರಪತಿ ಸಂಭಾಜಿನಗರ ಆಯ್ತಲ್ಲ, ಆಗ ನನ್ನ ನಾಲಿಗೆಗಿಂತ ಹೆಚ್ಚು ಒದ್ದಾಡಿದ್ದು ನಮ್ಮ ಸರ್ವರ್‌ಗಳು!

ನಮ್ಮ ಕಂಪನಿಯದು ಇಲ್ಲಿ ಅಂಬಡ್‌ನಲ್ಲೊಂದು ಘಟಕ, ಅಲ್ಲಿ ವಾಳೂಜ್‌ನಲ್ಲೊಂದು. ವಾಳೂಜ್‌ನಲ್ಲಿ ಮೂರು ವಿಎಂವೇರ್ ಹೋಸ್ಟ್, ಅವುಗಳ ಮೇಲೆ ರೆಡ್ ಹ್ಯಾಟ್ ಲಿನಕ್ಸ್ ಗೆಸ್ಟ್‌ಗಳು. ನಾವು ಕೊಂಡಿದ್ದು ವರ್ಚುವಲ್ ಡೇಟಾಸೆಂಟರ್ ಚಂದಾ. ಎರಡು ಸಾಕೆಟ್‌ನ ಹೋಸ್ಟ್‌ಗೆ ಒಂದು ಚಂದಾ, ಮೇಲೆ ಎಷ್ಟು ಗೆಸ್ಟ್ ಇದ್ದರೂ ಸೈ. ಆದರೆ ತಾನು ಯಾವ ಹೋಸ್ಟ್ ಮೇಲಿದ್ದೀನಿ ಅಂತ ಗೆಸ್ಟ್‌ಗೆ ಗೊತ್ತಿರೋದಿಲ್ಲ. ಅದನ್ನು ವಿಸೆಂಟರ್‌ನಿಂದ ಕೇಳಿ ತಿಳಿದು ರೆಡ್ ಹ್ಯಾಟ್‌ಗೆ ವರದಿ ಮಾಡೋದು ವರ್ಟ್-ಹೂ. ಸೊಸೈಟಿ ವಾಚ್‌ಮನ್ ಹತ್ತಿರ ಇರುತ್ತಲ್ಲ ಬಾಡಿಗೆದಾರರ ರಿಜಿಸ್ಟರ್, ಥೇಟ್ ಹಾಗೇ.

ವರ್ಟ್-ಹೂ ಕಾನ್ಫಿಗರ್ ಮಾಡುವಾಗ ಒಂದು ಸಣ್ಣ ಸಾಲು ಬರುತ್ತೆ: ಹೈಪರ್‌ವೈಸರ್ ಐಡಿ. ಡೀಫಾಲ್ಟ್ ಇರೋದು ಯುಯುಐಡಿ, ಅಂದರೆ ಉದ್ದನೆಯ ಅರ್ಥವಾಗದ ಸಂಖ್ಯೆ. ಓದಲು ಸುಲಭ ಅಂತ ನಾನು ಹೋಸ್ಟ್‌ನೇಮ್ ಹಾಕಿದ್ದೆ. ಅದರಲ್ಲಿ ಊರಿನ ಹಳೇ ಹೆಸರಿತ್ತು.

ಊರಿನ ಹೆಸರು ಬದಲಾದ ಮೇಲೆ ಅಲ್ಲಿನ ಹುಡುಗ ಮೇಲಿನವರು ಹೇಳಿದಂತೆ ಹೋಸ್ಟ್‌ಗಳ ಹೆಸರನ್ನೂ ಬದಲಿಸಿದ. ವರ್ಟ್-ಹೂ ಪಾಲಿಗೆ ಅವು ಹೊಸಬರು. ಹಳೆಯವು ಪಟ್ಟಿಯಲ್ಲಿ ಹಾಗೇ ಉಳಿದವು. ಮೂರಿದ್ದದ್ದು ಆರಾಯ್ತು. ನವೀಕರಣದ ಹೊತ್ತಿಗೆ ಅಕೌಂಟ್ಸ್‌ನವರು ಇನ್ನೂ ಮೂರು ಚಂದಾ ಕೊಳ್ಳಲು ಹೊರಟಿದ್ದರು, ಬೈಗುಳ ತಿಂದದ್ದು ಆ ಹುಡುಗ. ತಪ್ಪು ಮಾತ್ರ ನನ್ನದು. ಮೀಟಿಂಗ್‌ನಲ್ಲಿ ಅದನ್ನು ಹೇಳಲು ನನಗೆ ಎರಡು ದಿನ ಬೇಕಾಯ್ತು. ಈಗಲೂ ಚುಚ್ಚುವುದು ಆ ಎರಡು ದಿನಗಳೇ.

ನಾವು ಕನ್ನಡಿಗರಿಗೆ ಇದು ಗೊತ್ತಿರಬೇಕಿತ್ತು ಕಣ್ರೀ. ಇಲ್ಲಿಗೆ ಬಂದ ಮೇಲೆ ನಮ್ಮ ಇನಿಶಿಯಲ್ ಸರ್‌ನೇಮ್ ಆಗುತ್ತೆ, ಅಪ್ಪನ ಹೆಸರು ಮಧ್ಯೆ ಬಂದು ಕೂರುತ್ತೆ. ಬ್ಯಾಂಕ್‌ನಲ್ಲೊಂದು ಹೆಸರು, ಲೈಟ್ ಬಿಲ್‌ನಲ್ಲೊಂದು. ಕೊನೆಗೆ ಕಾಪಾಡೋದು ಪ್ಯಾನ್ ನಂಬರ್ ತಾನೆ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಹೆಸರು ಬದಲಾಗಬಹುದು ಅನ್ನಿಸಿದರೆ ಯುಯುಐಡಿಯನ್ನೇ ಇಟ್ಟುಕೊಳ್ಳಿ. ಯಾವುದನ್ನೇ ಆರಿಸಿ, ಮೊದಲ ದಿನವೇ ಆರಿಸಿ, ನಡುವೆ ಬದಲಿಸಬೇಡಿ. ವಿಸೆಂಟರ್‌ನಲ್ಲಿ ಅದಕ್ಕೆ ಓದುವ ಹಕ್ಕಷ್ಟೇ ಇರುವ ಬಳಕೆದಾರ ಸಾಕು. ಕಳಿಸುವ ಮುನ್ನ ಪ್ರಿಂಟ್ ಆಯ್ಕೆಯಲ್ಲಿ ಪಟ್ಟಿ ನೋಡಿಕೊಳ್ಳಿ. ಯಾಕೆ ಹೀಗೆ ಮಾಡಿದೆ ಅಂತ ಒಂದು ಪುಟ ಬರೆದಿಡಿ.

ಸಿಂಪಲ್ ಕಂಟೆಂಟ್ ಆಕ್ಸೆಸ್ ಬಂದ ಮೇಲೆ ಇದೆಲ್ಲ ಯಾಕೆ ಅನ್ನೋರಿದ್ದಾರೆ. ಈಗ ಒಂದೊಂದು ಯಂತ್ರಕ್ಕೂ ಚಂದಾ ಅಂಟಿಸಬೇಕಿಲ್ಲ, ನಿಜ. ಆದರೆ ಬಾಗಿಲಿಗೆ ಬೀಗ ಇಲ್ಲ ಅಂದರೆ ಬಾಡಿಗೆ ಮಾಫಿ ಅಂತಲ್ಲವಲ್ಲ! ಯಂತ್ರ ತಡೆಯದಿದ್ದಾಗಲೇ ಲೆಕ್ಕ ನಮ್ಮ ಮೇಲೆ ಬೀಳೋದು. ಆ ಲೆಕ್ಕ ತಪ್ಪಿದರೆ ಬೈಸಿಕೊಳ್ಳೋದು ಕೆಳಗಿನ ಹುಡುಗರು.

ನೀವೇನಂತೀರಿ?